ಎರಡು ತಲೆಯ ಹಕ್ಕಿಯ ಹಡಗು

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ, ಗಡಿಯಾರದ ಕೆಳಗೆ, ಒಂದು ಮರದ ಫಲಕ ಐವತ್ತು ವರ್ಷಕ್ಕೂ ಹಿಂದಿನಿಂದ ತೂಗುತ್ತಿತ್ತು. ಊಟದ ತಟ್ಟೆಗಿಂತ ಚಿಕ್ಕದು. ಅದರ ನಡುವೆ ಹಿತ್ತಾಳೆಯ ಗಂಡಭೇರುಂಡ. ಬೇಸಿಗೆ ರಜೆಗೆ ಮುಂಬೈಯಿಂದ ಬಂದಿದ್ದ ಮೊಮ್ಮಗಳು ಒಂದು ದಿನ ಅದನ್ನೇ ನೋಡುತ್ತಾ ನಿಂತಳು.

"ಅಜ್ಜಿ, ಬಸ್ಸಿನ ಮೇಲಿರೋ ಹಕ್ಕಿ ನಿಮ್ಮನೆ ಗೋಡೆ ಮೇಲೆ ಯಾಕಿದೆ?"

"ಅದು ಬಸ್ಸಿನದಲ್ಲ ಪುಟ್ಟಿ, ಹಡಗಿನದು" ಅಂದೆ.

ಹಡಗು ಎಂದ ಕೂಡಲೇ ಅವಳ ಮುಖ ಬದಲಾಯಿತು. ಅವಳ ಅಪ್ಪ, ಅಂದರೆ ನನ್ನ ಅಳಿಯ, ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾರೆ. ಒಮ್ಮೆ ಹೊರಟರೆ ನಾಲ್ಕು ತಿಂಗಳು, ಕೆಲವೊಮ್ಮೆ ಆರು ತಿಂಗಳು. ಅವರ ಹಡಗು ಹೋಗುವ ದಾರಿಯಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರಂತೆ. ಅಂದಿನಿಂದ ಹುಡುಗಿ ರಾತ್ರಿ ಎದ್ದು ಅಮ್ಮನ ಪಕ್ಕಕ್ಕೆ ಬಂದು ಮಲಗುತ್ತಿದ್ದಾಳೆ ಎಂದು ಮಗಳು ನನಗೆ ಹೇಳಿದ್ದಳು.

ಈ ಫಲಕ ತಂದವನು ನನ್ನ ಅಣ್ಣ. ಮನೆಯ ಮಕ್ಕಳೆಲ್ಲ ಅವನನ್ನು 'ಹಡಗಿನ ತಾತ' ಎಂದೇ ಕರೆಯುತ್ತಿದ್ದರು. ಈಗ ಅವನಿಲ್ಲ. ಅವನು ಕೆಲಸ ಮಾಡಿದ ಹಡಗಿನ ಹೆಸರು 'ಐ.ಎನ್.ಎಸ್. ಮೈಸೂರು'. "ನಿನ್ನನ್ನ ಒಂದು ಸಲ ಹಡಗು ಹತ್ತಿಸ್ತೀನಿ ಕಣೇ" ಎಂದು ಪ್ರತಿ ರಜೆಯಲ್ಲೂ ಹೇಳುತ್ತಿದ್ದ. ಅದು ಆಗಲೇ ಇಲ್ಲ. ಅಣ್ಣ ನಿವೃತ್ತನಾದ, ಅವನ ಹಡಗೂ ನಿವೃತ್ತವಾಯಿತು.

ಆದರೆ ಹಡಗಿನ ಹೆಸರು ಹಾಗೆಯೇ ಉಳಿದಿದೆ. ಈಗ ಅದೇ ಹೆಸರಿನ ಇನ್ನೊಂದು ಯುದ್ಧನೌಕೆ ಮುಂಬೈಯಲ್ಲಿದೆ. ಡಿಸೆಂಬರಿನಲ್ಲಿ ನೌಕಾ ದಿನ ಬರುವ ಹೊತ್ತಿಗೆ ಶಾಲಾ ಮಕ್ಕಳೂ ಸಾರ್ವಜನಿಕರೂ ಯುದ್ಧನೌಕೆಗಳನ್ನು ಹತ್ತಿ ನೋಡಲು ಬಿಡುತ್ತಾರೆ. "ಈ ಸಲ ನಾನೇ ಬರ್ತೀನಿ, ಇಬ್ಬರೂ ಹೋಗಿ ನೋಡೋಣ" ಎಂದು ಮೊಮ್ಮಗಳಿಗೆ ಮಾತು ಕೊಟ್ಟೆ. ಹೊರಡುವ ದಿನ ಗೋಡೆಯ ಫಲಕ ಇಳಿಸಿ, ಟವೆಲಿನಲ್ಲಿ ಸುತ್ತಿ, ಚಕ್ಕುಲಿ ಡಬ್ಬದ ಪಕ್ಕದಲ್ಲಿಟ್ಟುಕೊಂಡು ರೈಲು ಹತ್ತಿದೆ.

*

ಮಗಳ ಮನೆ ಡೊಂಬಿವಲಿಯಲ್ಲಿ. ಬೆಳಗಿನ ಲೋಕಲ್ ರೈಲಿನಲ್ಲಿ ನೂಕುನುಗ್ಗಲಿನ ನಡುವೆ ನಿಂತು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಮುಟ್ಟಿದೆವು. ಅಲ್ಲಿಂದ ಟ್ಯಾಕ್ಸಿ. ನೌಕಾಪಡೆಯ ಡಾಕ್‌ಯಾರ್ಡಿನ ಗೇಟಿನ ಮುಂದೆ ಆಗಲೇ ಉದ್ದನೆಯ ಸಾಲು. ಸಮವಸ್ತ್ರದ ಶಾಲಾ ಮಕ್ಕಳು, ಅವರನ್ನು ಎಣಿಸಿ ಎಣಿಸಿ ಸುಸ್ತಾದ ಟೀಚರುಗಳು, ನನ್ನಂಥ ಅಜ್ಜಿಯರು. ಗುರುತಿನ ಚೀಟಿ ನೋಡಿದರು. ಮೊಬೈಲು ಒಳಗೆ ತರುವಂತಿಲ್ಲ ಎಂದರು. ಫೋಟೊ ಇಲ್ಲ ಎಂದು ಮೊಮ್ಮಗಳಿಗೆ ಬೇಸರ. "ಕಣ್ಣಲ್ಲೇ ತುಂಬಿಕೋ" ಅಂದೆ.

ಒಳಗೆ ಹೋದರೆ ಬೂದು ಬಣ್ಣದ ಗೋಡೆಯೊಂದು ಎದುರಿಗೆ ನಿಂತಂತಿತ್ತು. ಅದು ಗೋಡೆಯಲ್ಲ, ಹಡಗು. ಅದರ ಮೈಮೇಲೆ ದೊಡ್ಡದಾಗಿ 'ಡಿ 60' ಎಂದು ಬರೆದಿತ್ತು. ಈ ಹಡಗಿನ ಉದ್ದ 163 ಮೀಟರ್, ಅಂದರೆ ಸುಮಾರು 535 ಅಡಿ. ಮೈಸೂರು ಅರಮನೆಯ ಕಟ್ಟಡ 245 ಅಡಿ ಉದ್ದ. ಎರಡು ಅರಮನೆಗಳನ್ನು ಒಂದರ ಪಕ್ಕ ಒಂದು ಇಟ್ಟರೂ ಹಡಗಿನ ಉದ್ದವೇ ಹೆಚ್ಚು. ಇಷ್ಟು ದೊಡ್ಡದು ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೀರಿನ ಮೇಲೆ ಓಡುತ್ತದೆ.

ಹಡಗಿಗೂ ದಡಕ್ಕೂ ನಡುವೆ ಒಂದು ಏಣಿಸೇತುವೆ. ಕೆಳಗೆ ಕಪ್ಪು ನೀರು ತುಳುಕುತ್ತಿತ್ತು. ಮೊಮ್ಮಗಳು ನನ್ನ ಸೆರಗು ಹಿಡಿದಳು. ನಿಜ ಹೇಳಬೇಕೆಂದರೆ ನನಗೂ ಕಾಲು ನಡುಗುತ್ತಿತ್ತು.

"ಬರ್ರಿ ಅಮ್ಮಾ, ಕೈ ಕೊಡ್ರಿ" ಎಂದು ಮೇಲಿನಿಂದ ಕನ್ನಡ ಕೇಳಿಸಿತು. ನಾವಿಬ್ಬರೂ ಮಾತಾಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು. ಬಿಳಿ ಸಮವಸ್ತ್ರದ ನಾವಿಕ, ಮೀಸೆ ಚಿಗುರುತ್ತಿರುವ ಹುಡುಗ. ಹಾವೇರಿ ಕಡೆಯವನಂತೆ. ನಾವು ಮೈಸೂರಿನವರು ಎಂದಾಗ ನಕ್ಕ. "ಈ ಹಡಗಿನಾಗ ಎಲ್ಲಾ ರಾಜ್ಯದವ್ರೂ ಅದಾರ್ರಿ. ಆದ್ರ ಹತ್ತಿದ ಮ್ಯಾಲೆ ಎಲ್ಲಾರೂ ಮೈಸೂರಿನವ್ರ!"

ಮೇಲೆ ಕಾಲಿಟ್ಟ ಕೂಡಲೇ ಎದುರಿಗೆ ಕಂಡದ್ದು ಹಡಗಿನ ಲಾಂಛನ. ನಡುವೆ ಗಂಡಭೇರುಂಡ, ಮೇಲೆ ಅಶೋಕನ ಸಿಂಹಗಳು. ಮೊಮ್ಮಗಳು ಸೆರಗು ಬಿಟ್ಟಳು. "ಅಜ್ಜಿ! ಗಡಿಯಾರದ ಕೆಳಗಿನ ಹಕ್ಕಿ!"

*

ಮಕ್ಕಳೇ, ಹಡಗಿಗೆ ಲಾಂಛನ ಯಾಕೆ ಬೇಕು ಎಂದು ನೀವು ಕೇಳಬಹುದು. ನಿಮ್ಮ ಶಾಲೆಗೆ ಒಂದು ಬ್ಯಾಡ್ಜ್ ಇರುತ್ತದಲ್ಲ, ಹಾಗೆಯೇ ನೌಕಾಪಡೆಯ ಪ್ರತಿಯೊಂದು ಹಡಗಿಗೂ ಅದರದೇ ಲಾಂಛನ, ಅದರದೇ ಧ್ಯೇಯವಾಕ್ಯ ಇರುತ್ತದೆ. ನಾವಿಕರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಕ್ಯಾಪ್ಟನ್ ಬದಲಾಗುತ್ತಾರೆ. ಹಡಗೂ ಒಂದು ದಿನ ಹಳೆಯದಾಗಿ ಬಂದರಿನಿಂದ ಹೋಗುತ್ತದೆ. ಹೊಸ ಹಡಗಿಗೆ ಅದೇ ಹೆಸರಿಟ್ಟರೆ ಲಾಂಛನವೂ ಹಳೆಯದರಿಂದ ಹೊಸದಕ್ಕೆ ಬರುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ.

ಗಂಡಭೇರುಂಡ ನಮ್ಮ ನಾಡಿನಲ್ಲಿ ಬಹಳ ಹಳೆಯ ಹಕ್ಕಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಭೇರುಂಡೇಶ್ವರನ ಕಂಬವಿದೆ. ಅದನ್ನು ನಿಲ್ಲಿಸಿದ್ದು 1047ರಲ್ಲಿ, ಸಾವಿರ ವರ್ಷಕ್ಕೆ ಹತ್ತಿರ. ಅಲ್ಲಿ ಈ ಹಕ್ಕಿಗೆ ಮನುಷ್ಯನ ಮೈ. ವಿಜಯನಗರದ ಅಚ್ಯುತರಾಯ ತನ್ನ ನಾಣ್ಯಗಳ ಮೇಲೆ ಗಂಡಭೇರುಂಡವನ್ನು ಹಾಕಿಸಿದ. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ತಲೆಯೆತ್ತಿ ನೋಡಿದರೆ ಛಾವಣಿಯ ಕಲ್ಲಿನಲ್ಲಿ ಅದೇ ಹಕ್ಕಿ ಆನೆ, ಸಿಂಹಗಳನ್ನು ಕೊಕ್ಕಿನಲ್ಲೂ ಉಗುರಿನಲ್ಲೂ ಹಿಡಿದಿದೆ. ಮೈಸೂರು ಒಡೆಯರು ಅದನ್ನು ತಮ್ಮ ಲಾಂಛನ ಮಾಡಿಕೊಂಡರು. ಇವತ್ತು ಅದು ಕರ್ನಾಟಕ ಸರ್ಕಾರದ ಲಾಂಛನದ ನಡುವೆ ಕೂತಿದೆ. ಅರಮನೆಯ ಹಕ್ಕಿ ಹಡಗು ಹತ್ತಿದ್ದು 'ಮೈಸೂರು' ಎಂಬ ಹೆಸರಿನ ದೆಸೆಯಿಂದ.

ಹಡಗಿನ ಧ್ಯೇಯವಾಕ್ಯ ಸಂಸ್ಕೃತದ ಮೂರು ಪದಗಳು: 'ನ ಬಿಭೇತಿ ಕದಾಚನ'. ತೈತ್ತಿರೀಯ ಉಪನಿಷತ್ತಿನಿಂದ ತೆಗೆದುಕೊಂಡದ್ದು. ಎಂದೆಂದಿಗೂ ಹೆದರುವುದಿಲ್ಲ ಎಂದು ಅರ್ಥ.

ಮೊಮ್ಮಗಳು ಅರ್ಥ ಕೇಳಿ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, "ಹಡಗಿನ ತಾತ ಹೆದರ್ತಾನೇ ಇರ್ಲಿಲ್ವಾ?" ಎಂದಳು.

ಅದಕ್ಕೆ ಉತ್ತರ ಹೇಳಬೇಕಾದರೆ ಹಳೆಯ 'ಮೈಸೂರು' ಹಡಗಿನ ಕಥೆ ಹೇಳಬೇಕು.

*

ಆ ಹಡಗು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1939ರಲ್ಲಿ ನೀರಿಗಿಳಿದಾಗ ಅದರ ಹೆಸರು 'ನೈಜೀರಿಯ'. ಅದು ಕ್ರೂಸರ್ ಜಾತಿಯ ದೊಡ್ಡ ಯುದ್ಧನೌಕೆ. ಎರಡನೇ ಮಹಾಯುದ್ಧದಲ್ಲಿ, 1942ರ ಆಗಸ್ಟಿನಲ್ಲಿ, ಮಾಲ್ಟಾ ದ್ವೀಪದ ಜನರಿಗೆ ಆಹಾರ, ಇಂಧನ ಹೊತ್ತು ಹೊರಟಿದ್ದ ಹಡಗುಗಳಿಗೆ ಕಾವಲಾಗಿ ಹೋಯಿತು. ಇಟಲಿಯ ಜಲಾಂತರ್ಗಾಮಿಯೊಂದರ ಟಾರ್ಪೆಡೊ ಬಡಿದು 52 ಜನ ಸತ್ತರು. ಹಡಗು ಮಾತ್ರ ಮುಳುಗದೆ ಬಂದರು ಸೇರಿತು.

ಯುದ್ಧ ಮುಗಿದ ಮೇಲೆ ಭಾರತ ಅದನ್ನು ಕೊಂಡಿತು. 1957ರ ಆಗಸ್ಟ್ 29ರಂದು ಅದು 'ಐ.ಎನ್.ಎಸ್. ಮೈಸೂರು' ಆಯಿತು. ಹಳೆಯ ಹೆಸರು ಹೋದರೂ ಅದರ 60 ಎಂಬ ಸಂಖ್ಯೆ ಜೊತೆಗೇ ಬಂತು. ಇವತ್ತಿನ ಹಡಗಿನ ಮೇಲಿರುವುದೂ ಅದೇ 60. ಮುಂದಿನ ಅಕ್ಷರ ಮಾತ್ರ ಬೇರೆ. ಕ್ರೂಸರ್‌ಗೆ 'ಸಿ', ಡೆಸ್ಟ್ರಾಯರ್‌ಗೆ 'ಡಿ'.

ಅಣ್ಣ ಇದ್ದದ್ದು ಆ ಹಡಗಿನ ಬಾಯ್ಲರ್ ಕೋಣೆಯಲ್ಲಿ. ನೀರಿನ ಮಟ್ಟಕ್ಕಿಂತ ಕೆಳಗೆ, ಬೆಂಕಿ ಮತ್ತು ಆವಿಯ ನಡುವೆ ಕೆಲಸ. ಅಲ್ಲಿಂದ ಕಡಲೂ ಕಾಣುವುದಿಲ್ಲ, ಆಕಾಶವೂ ಕಾಣುವುದಿಲ್ಲ. ಒಮ್ಮೆ ರಜೆಗೆ ಬಂದಾಗ ಈ ಫಲಕ ತಂದ. ನಮ್ಮಮ್ಮ ಶಾಲೆಗೆ ಹೋದವಳಲ್ಲ. ಆದರೆ ಹಕ್ಕಿಯನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಇದು ಮಹಾರಾಜರ ಹಕ್ಕಿ. ಒಂದು ತಲೆ ಸಮುದ್ರ ನೋಡುತ್ತೆ, ಇನ್ನೊಂದು ತಲೆ ಮನೆ ನೋಡುತ್ತೆ" ಅಂದಳು. ಅದು ಯಾವ ಪುಸ್ತಕದಲ್ಲೂ ಇರುವ ಅರ್ಥವಲ್ಲ. ಅಮ್ಮ ತಾನೇ ಮಾಡಿಕೊಂಡದ್ದು.

1971ರ ಡಿಸೆಂಬರ್. ನನ್ನ ವಯಸ್ಸಿನವರಿಗೆ ಆ ದಿನಗಳು ನೆನಪಿರುತ್ತವೆ. ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. 'ಮೈಸೂರು' ಆಗ ಪಶ್ಚಿಮ ನೌಕಾದಳದ ಮುಂದಾಳು ಹಡಗು. ದಳದ ಮುಖ್ಯಸ್ಥ ರಿಯರ್ ಅಡ್ಮಿರಲ್ ಕುರುವಿಲ್ಲಾ ಅವರ ಬಾವುಟ ಹಾರುತ್ತಿದ್ದದ್ದು ಅದರ ಮೇಲೆ. ಡಿಸೆಂಬರ್ 4ರ ರಾತ್ರಿ ನಮ್ಮ ನೌಕಾಪಡೆಯ ಚಿಕ್ಕ ಚಿಕ್ಕ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದವು. ಆ ನೆನಪಿಗೇ ಪ್ರತಿ ವರ್ಷ ಡಿಸೆಂಬರ್ 4 ನೌಕಾ ದಿನ. ರೇಡಿಯೊದಲ್ಲಿ ಸುದ್ದಿ ಕೇಳಿ ನಮ್ಮ ಬೀದಿಯಲ್ಲಿ ಸಕ್ಕರೆ ಹಂಚಿದರು.

ಡಿಸೆಂಬರ್ 9ರ ರಾತ್ರಿ ನಮ್ಮ 'ಖುಕ್ರಿ' ಹಡಗು ದೀವ್ ಬಳಿ ಟಾರ್ಪೆಡೊ ಬಡಿದು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅದು ಅಣ್ಣನ ಹಡಗಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಒಂದು ಹಡಗು ಮುಳುಗಬಹುದಾದರೆ ಇನ್ನೊಂದೂ ಮುಳುಗಬಹುದು. ಅಮ್ಮ ಅತ್ತದ್ದನ್ನು ನಾನು ನೋಡಲಿಲ್ಲ. ಬೆಳಿಗ್ಗೆ ಎದ್ದು, ದೇವರ ದೀಪ ಹಚ್ಚಿ, ಸೆರಗಿನ ತುದಿಯಿಂದ ಆ ಹಿತ್ತಾಳೆ ಹಕ್ಕಿಯನ್ನು ಒರೆಸುತ್ತಿದ್ದಳು. ಯುದ್ಧ ಮುಗಿದ ಮೇಲೂ ಎಷ್ಟೋ ದಿನ ಒರೆಸಿದಳು. ಕೊನೆಗೆ ಒಂದು ಮಧ್ಯಾಹ್ನ ನೀಲಿ ಇನ್‌ಲೆಂಡ್ ಕಾಗದ ಬಂತು. ನಾನು ಓದಿದೆ. "ಕ್ಷೇಮ. ಹುರಿಗಾಳು ಮುಗಿದಿದೆ" ಎಂದಿತ್ತು.

ಅಣ್ಣ ಊರಿಗೆ ಬಂದಾಗ ನಾನೂ ಮೊಮ್ಮಗಳ ಹಾಗೆಯೇ ಕೇಳಿದ್ದೆ. "ನಿಮ್ಮ ಹಡಗಿನ ಮೇಲೆ ಹೆದರುವುದಿಲ್ಲ ಅಂತ ಬರೆದಿದೆಯಲ್ಲ, ನಿನಗೆ ಹೆದರಿಕೆ ಆಗಲೇ ಇಲ್ವಾ?"

"ಆಗ್ತಿತ್ತು ಕಣೇ, ಚೆನ್ನಾಗೇ ಆಗ್ತಿತ್ತು. ಮೇಲೇನು ನಡೀತಿದೆ ಅಂತ ಕಾಣೋದೇ ಇಲ್ಲವಲ್ಲ. ಆದರೆ ಬಾಯ್ಲರ್ ಬಿಟ್ಟು ಹೋಗೋ ಹಾಗಿರ್ಲಿಲ್ಲ. ನಾನು ಬಿಟ್ರೆ ಹಡಗು ನಿಲ್ಲುತ್ತೆ. ಅದಕ್ಕೆ ಇದ್ದೆ. ಅಷ್ಟೇ."

ಇದನ್ನೇ ಮೊಮ್ಮಗಳಿಗೆ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಹಾವೇರಿಯ ಹುಡುಗನೂ ಕೇಳಿಸಿಕೊಂಡ. ಟೋಪಿ ಸರಿಮಾಡಿಕೊಂಡು, "ನಿಮ್ಮ ಅಣ್ಣಾರು ಖರೇನ ಹೇಳ್ಯಾರ್ರಿ" ಅಂದ.

ಆ ಹಳೆಯ ಹಡಗು 1985ರ ಆಗಸ್ಟ್ 20ರಂದು ಸೇವೆಯಿಂದ ನಿವೃತ್ತವಾಯಿತು. ನಮ್ಮ ದೇಶಕ್ಕೆ ದುಡಿದದ್ದು 28 ವರ್ಷ.

*

ಈಗಿನ 'ಮೈಸೂರು' ಇಂಗ್ಲೆಂಡಿನಿಂದ ಬಂದದ್ದಲ್ಲ. ಮುಂಬೈಯ ಮಜಗಾಂವ್ ಡಾಕಿನಲ್ಲಿ ಕಟ್ಟಿದ್ದು. 1991ರಲ್ಲಿ ಕೆಲಸ ಶುರುವಾಗಿ, 1993ರಲ್ಲಿ ನೀರಿಗಿಳಿದು, 1999ರ ಜೂನ್ 2ರಂದು ನೌಕಾಪಡೆ ಸೇರಿತು. 'ಡೆಲ್ಲಿ' ವರ್ಗದ ಮೂರು ಹಡಗುಗಳಲ್ಲಿ ಇದು ನಡುವಿನದು. ಅಕ್ಕ 'ಡೆಲ್ಲಿ', ತಂಗಿ 'ಮುಂಬೈ'.

ನಾವಿಕ ನಮ್ಮನ್ನು ಮುಂಭಾಗಕ್ಕೆ ಕರೆದುಕೊಂಡು ಹೋಗಿ ದೊಡ್ಡ ತುಪಾಕಿ ತೋರಿಸಿದ. ಅದರ ಬಾಯಿ 100 ಮಿಲಿಮೀಟರ್ ಅಗಲ. ಅಣ್ಣನ ಹಡಗಿನಲ್ಲಿ ಇದಕ್ಕಿಂತ ದೊಡ್ಡ ತುಪಾಕಿಗಳು ಒಂಬತ್ತು ಇದ್ದವು. ಈಗ ತುಪಾಕಿಗಿಂತ ಕ್ಷಿಪಣಿಗಳದೇ ಮುಖ್ಯ ಕೆಲಸ. ಎದುರಾಳಿ ಹಡಗನ್ನು ಹೊಡೆಯುವ ಕ್ಷಿಪಣಿಗಳನ್ನು ಎರಡೂ ಬದಿಗೆ ಕೊಳವೆಗಳಲ್ಲಿ ಇಡುತ್ತಾರೆ. ಆಕಾಶದಿಂದ ಬರುವುದನ್ನು ತಡೆಯುವ ಕ್ಷಿಪಣಿಗಳು ಬೇರೆ. ನೀರಿನಡಿಯಲ್ಲಿ ಅಡಗಿರುವ ಜಲಾಂತರ್ಗಾಮಿಯ ಸದ್ದು ಹಿಡಿಯುವ ಸೋನಾರ್ ಇದೆ. ಹಿಂದುಗಡೆ ಎರಡು ಹೆಲಿಕಾಪ್ಟರ್ ನಿಲ್ಲುವಷ್ಟು ಜಾಗ. ಇಷ್ಟನ್ನು ನಡೆಸುವವರು ಸುಮಾರು 350 ಜನ. ಹಳೆಯ ಹಡಗಿನಲ್ಲಿ ಇದರ ಎರಡರಷ್ಟಕ್ಕೂ ಹೆಚ್ಚು ಜನರಿದ್ದರು.

"ಡೆಸ್ಟ್ರಾಯರ್ ಅಂದ್ರೆ ನಾಶ ಮಾಡೋದು ಅಂತ ಅಲ್ವಾ?" ಎಂದಳು ಮೊಮ್ಮಗಳು. ಇಂಗ್ಲಿಷ್ ಶಾಲೆಯ ಹುಡುಗಿ.

ಹೌದು, ಆದರೆ ಆ ಹೆಸರು ಹುಟ್ಟಿದ ಬಗೆ ಬೇರೆ. ಸುಮಾರು ನೂರೈವತ್ತು ವರ್ಷದ ಹಿಂದೆ ಟಾರ್ಪೆಡೊ ಹೊತ್ತ ಪುಟ್ಟ ದೋಣಿಗಳು ಬಂದವು. ಕತ್ತಲಲ್ಲಿ ನುಗ್ಗಿ ದೊಡ್ಡ ಹಡಗುಗಳಿಗೆ ಹೊಡೆದು ಓಡುತ್ತಿದ್ದವು. ಅವನ್ನು ಅಟ್ಟಿ ಹಿಡಿಯಲು ವೇಗದ ಹಡಗುಗಳನ್ನು ಕಟ್ಟಿದರು. ಟಾರ್ಪೆಡೊ ದೋಣಿಗಳನ್ನು ನಾಶ ಮಾಡುವ ಹಡಗು ಎಂಬ ಉದ್ದನೆಯ ಹೆಸರು ಕಿರಿದಾಗಿ ಡೆಸ್ಟ್ರಾಯರ್ ಆಯಿತು. ಹೆಸರು ಹೊಡೆಯುವವನದಾದರೂ ಮೊದಲಿನಿಂದಲೂ ಅದರ ಕೆಲಸ ಬೇರೆ ಹಡಗುಗಳನ್ನು ಕಾಯುವುದು.

ಆಗ ಅವಳು ಇಷ್ಟು ಹೊತ್ತೂ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ನಾವಿಕನಿಗೇ ಕೇಳಿದಳು.

"ಅಂಕಲ್, ನಮ್ಮಪ್ಪನ ಹಡಗಿಗೆ ಕಳ್ಳರು ಬಂದ್ರೆ ಈ ಹಡಗು ಬರುತ್ತಾ?"

ಅವನು ತಟ್ಟನೆ ಹೂಂ ಅನ್ನಲಿಲ್ಲ. ಮಂಡಿಯೂರಿ ಅವಳ ಎತ್ತರಕ್ಕೆ ಕೂತ. "ಇದ ಬರ್ತದ ಅಂತ ಹೇಳಾಕ ಬರಂಗಿಲ್ಲ ಪುಟ್ಟಿ. ಸನಿ ಯಾವ ಹಡಗು ಇರ್ತದೋ ಅದು ಹೋಗ್ತದ. ನಮ್ದ ಸನಿ ಇದ್ರ ನಾವ ಹೋಗ್ತೀವಿ. ಕರೀದವ್ರು ಯಾವ ದೇಶದವ್ರು ಅಂತ ಕೇಳ್ಕೋತ ಕೂಡಂಗಿಲ್ಲ."

ಆಮೇಲೆ 2008ರ ಕಥೆ ಹೇಳಿದ. ಆ ವರ್ಷ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಹಾವಳಿ ಜೋರಾಗಿತ್ತು. ಅರಬ್ಬೀ ಸಮುದ್ರದಿಂದ ಕೆಂಪು ಸಮುದ್ರಕ್ಕೆ ಹೋಗುವ ದಾರಿ ಅದು. ಸರಕು ಹಡಗುಗಳ ಕಾವಲಿಗೆ 'ಮೈಸೂರು' ಅಲ್ಲಿಗೆ ಹೋಗಿತ್ತು. ಡಿಸೆಂಬರ್ 13ರಂದು 'ಗಿಬೆ' ಎಂಬ ಹಡಗಿನಿಂದ ಕಾಪಾಡಿ ಎಂಬ ಕರೆ ಬಂತು. ಅದು ಇಥಿಯೋಪಿಯಾದ ಹಡಗು. 'ಮೈಸೂರು' ಧಾವಿಸಿತು, ಹೆಲಿಕಾಪ್ಟರ್ ಮೇಲೇರಿತು, ಕಮಾಂಡೊಗಳು ಹೋದರು. 23 ಕಡಲ್ಗಳ್ಳರನ್ನು ಹಿಡಿದು, ಬಂದೂಕುಗಳನ್ನು ಕಸಿದುಕೊಂಡರು. ಅವರಲ್ಲಿ 12 ಜನ ಸೊಮಾಲಿಯಾದವರು, 11 ಜನ ಯೆಮನ್‌ನವರು. ಅವರನ್ನು ಯೆಮನ್ ದೇಶದ ಅಧಿಕಾರಿಗಳಿಗೆ ಒಪ್ಪಿಸಿದರು.

"ಆ ಹಡಗಿನವರಿಗೂ ಮನೇಲಿ ಮಕ್ಕಳಿರ್ತಾರೆ ಅಲ್ವಾ?" ಎಂದಳು.

"ಇದ್ದ ಇರ್ತಾರಲ್ಲ" ಎಂದ ನಾವಿಕ.

ಯುದ್ಧವಿಲ್ಲದಾಗಲೂ ಈ ಹಡಗಿಗೆ ಕೆಲಸವಿತ್ತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಮಾಲ್ಡೀವ್ಸ್ ದ್ವೀಪಗಳಿಗೆ ನೆರವು ಹೊತ್ತು ಹೋದ ನಮ್ಮ ನೌಕೆಗಳಲ್ಲಿ 'ಮೈಸೂರು' ಒಂದು. 2011ರಲ್ಲಿ ಲಿಬಿಯಾದಲ್ಲಿ ಗಲಭೆಯೆದ್ದು ಅಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರಬೇಕಾದಾಗ ನೌಕಾಪಡೆ ಕಳಿಸಿದ ಮೂರು ಹಡಗುಗಳಲ್ಲಿಯೂ ಇದು ಇತ್ತು. ಜೊತೆಗಿದ್ದವು 'ಜಲಾಶ್ವ' ಮತ್ತು 'ಆದಿತ್ಯ'.

ಇಳಿಯುವ ಮುಂಚೆ ಮೊಮ್ಮಗಳು ಮತ್ತೊಮ್ಮೆ ಲಾಂಛನದ ಮುಂದೆ ನಿಂತಳು. ನಾನು ಅಣ್ಣನನ್ನು ನೆನೆದು ಕೈಮುಗಿದೆ. ಏಣಿಸೇತುವೆಯ ಮೇಲೆ ಈ ಸಲ ಅವಳೇ ಮುಂದೆ ನಡೆದಳು. "ಅಜ್ಜಿ, ಕೆಳಗೆ ನೋಡಬೇಡಿ, ನನ್ನ ಕೈ ಹಿಡ್ಕೊಳ್ಳಿ" ಎಂದಳು. ಅವಳ ಕೈ ತಣ್ಣಗಿತ್ತು. ಆದರೂ ಬಿಡಲಿಲ್ಲ.

*

ಅಂದು ರಾತ್ರಿ ಟವೆಲು ಬಿಚ್ಚಿ ಫಲಕವನ್ನು ಅವಳ ಕೈಗಿಟ್ಟೆ. "ಇದು ಇನ್ನು ನಿನ್ನದು" ಅಂದೆ. ಎಲ್ಲಿ ತೂಗುಹಾಕಬೇಕು ಎಂದು ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಕಿಟಕಿಯ ಪಕ್ಕದ ಗೋಡೆ ಆರಿಸಿದಳು. ಒಂದು ತಲೆ ಕಿಟಕಿಯ ಕಡೆಗೆ, ಇನ್ನೊಂದು ತಲೆ ಅವಳ ಹಾಸಿಗೆಯ ಕಡೆಗೆ. ಆ ಕಿಟಕಿಯಿಂದ ಕಾಣುವುದು ಎದುರಿನ ಕಟ್ಟಡದ ನೀರಿನ ಟ್ಯಾಂಕು ಮತ್ತು ರೈಲು ಹಳಿ. ಸಮುದ್ರ ಬಹಳ ದೂರ. ನಾನು ಅದನ್ನು ಹೇಳಲಿಲ್ಲ.

ಮೂರು ದಿನದ ಮೇಲೆ ಅವಳ ಅಪ್ಪನ ಹಡಗು ಒಂದು ಬಂದರಿಗೆ ಬಂದು ಫೋನಿನ ಸಂಪರ್ಕ ಸಿಕ್ಕಿತು. ಮುಖ ಕಾಣುವ ಕರೆ. ಮೊಮ್ಮಗಳು ಫೋನನ್ನು ಗೋಡೆಯ ಹತ್ತಿರ ಹಿಡಿದು ಫಲಕ ತೋರಿಸಿದಳು. "ಅಪ್ಪಾ, ಈ ಕಡೆ ತಲೆ ನಿನ್ನ ಕಡೆ ನೋಡ್ತಿದೆ. ಈ ಕಡೆದು ನನ್ನ ಕಡೆ."

"ಮಲಗೋವಾಗ ಹೆದರಿಕೆ ಆಗುತ್ತಾ ಇನ್ನೂ?" ಎಂದು ಅಳಿಯ ಕೇಳಿದರು.

"ಆಗುತ್ತೆ. ಆದ್ರೆ ನನ್ನ ಹಾಸಿಗೇಲೇ ಮಲಗ್ತೀನಿ" ಎಂದಳು.

ಮೈಸೂರಿಗೆ ಮರಳಿದ್ದೇನೆ. ಗಡಿಯಾರದ ಕೆಳಗೆ ಗೋಡೆಯ ಮೇಲೆ ಫಲಕವಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿದೆ. ಸುಣ್ಣ ಹೊಡೆಸೋಣವೇ ಎಂದು ಕೇಳಿದರು. ಈಗಲೇ ಬೇಡ ಅಂದೆ.